ರಾತ್ರಿಯಿಡೀ ಆಟ, ಎರಡೇ ಡಿಸ್ಕ್: ಶಿರಸಿಯ ಒಂದು ಎನ್‌ಕೋಡಿಂಗ್ ಪ್ರಕರಣ

ಶಿರಸಿ ಹತ್ತಿರದ ಒಂದು ಅಡಕೆ ತೋಟದ ಮನೆ. 1990ರ ದಶಕದ ಆರಂಭದಲ್ಲಿ ಆ ಮನೆಯ ಅಂಗಳದಲ್ಲಿ ರಾತ್ರಿಯಿಡೀ ಯಕ್ಷಗಾನ ನಡೆದಿತ್ತು. ಕುಣಿದವರಲ್ಲಿ ಹೆಚ್ಚಿನವರು ಊರಿನ ಹವ್ಯಾಸಿಗಳು. ಸ್ಟ್ಯಾಂಡಿನ ಮೇಲೆ ಒಂದೇ ಕ್ಯಾಮೆರಾ ನಿಲ್ಲಿಸಿ ಪೂರ್ತಿ ಆಟವನ್ನು ಎರಡು ವಿಎಚ್‌ಎಸ್ ಕ್ಯಾಸೆಟ್‌ಗಳಲ್ಲಿ ಹಿಡಿದಿದ್ದರು. ಒಂದೊಂದರಲ್ಲಿ 175 ನಿಮಿಷ, ಒಟ್ಟು 350 ನಿಮಿಷ. ಅಂದು ವೇಷ ಕಟ್ಟಿದ ಹಲವರು ಈಗಿಲ್ಲ. ಅವರ ಕುಣಿತ ನೋಡಬೇಕೆಂದರೆ ಆ ಮನೆಯವರ ಹತ್ತಿರ ಇರುವುದು ಈ ಎರಡು ಕ್ಯಾಸೆಟ್ ಮಾತ್ರ.

ಕೆಲವು ವರ್ಷಗಳ ಹಿಂದೆ ಒಂದು ಸ್ಟುಡಿಯೋದವರು ಇದನ್ನು ಎರಡು ಡಿವಿಡಿಗೆ ಇಳಿಸಿ ಕೊಟ್ಟಿದ್ದರು. ಮಾತುಗಾರಿಕೆ ಇರುವಲ್ಲಿ ಹೇಗೋ ನೋಡಬಹುದಿತ್ತು. ಚಂಡೆ ಏರಿದ ಕೂಡಲೇ ಚಿತ್ರ ಒಡೆಯುತ್ತಿತ್ತು. ಮನೆಯ ಯಜಮಾನರು ನನಗೆ ಹೇಳಿದ್ದು ಇಷ್ಟೇ: "ತಮಾ, ಕುಣಿತ ಶುರುವಾದ್ರೆ ಮುಖ ಕಾಣ್ತಿಲ್ಲೆ. ಬರೀ ಚೌಕ ಚೌಕ ಕಾಣ್ತು."

ಆ ದೂರು ನೂರಕ್ಕೆ ನೂರು ಸರಿ ಇತ್ತು. ಇದೇ ಕ್ಯಾಸೆಟ್‌ನಿಂದ ಇದಕ್ಕಿಂತ ಎಷ್ಟೋ ಒಳ್ಳೆಯ ಡಿಸ್ಕ್ ಮಾಡಬಹುದು ಎಂಬುದೂ ಅಷ್ಟೇ ನಿಜ. ವಿಡಿಯೋವನ್ನು ಕುಗ್ಗಿಸಿ ಡಿಸ್ಕ್‌ನಲ್ಲಿ ಹಿಡಿಸುವ ಈ ಕೆಲಸಕ್ಕೆ ಎನ್‌ಕೋಡಿಂಗ್, ಅದನ್ನು ಮಾಡುವ ಸಾಫ್ಟ್‌ವೇರ್‌ಗೆ ಎನ್‌ಕೋಡರ್ ಎನ್ನುತ್ತಾರೆ. ಅದನ್ನು ಹೇಗೆ ಮಾಡಿದೆವು, ಯಾವ ಸೆಟ್ಟಿಂಗ್ ಏಕೆ ಆರಿಸಿದೆವು ಎಂಬುದನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ. ಅಟ್ಟದಲ್ಲಿ ಇಂಥ ಕ್ಯಾಸೆಟ್ ಇಟ್ಟುಕೊಂಡವರು ನಮ್ಮ ಜಿಲ್ಲೆಯಲ್ಲಿ ಇನ್ನೂ ಇದ್ದಾರೆ. ಅವರಿಗೆ ಇದು ಬೇಕಾಗಬಹುದು.

ಹಳೆಯ ಡಿಸ್ಕ್‌ನಲ್ಲಿ ಏನಾಗಿತ್ತು

ಡಿಸ್ಕ್ ಕಂಪ್ಯೂಟರಿಗೆ ಹಾಕಿ ನೋಡಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಧ್ವನಿ. ಅದು ಪಿಸಿಎಂ ರೂಪದಲ್ಲಿತ್ತು, ಅಂದರೆ ಸ್ವಲ್ಪವೂ ಕುಗ್ಗಿಸದ ಧ್ವನಿ. 48 ಕಿಲೋಹರ್ಟ್ಸ್, 16 ಬಿಟ್, ಸ್ಟೀರಿಯೋ. ಅದಕ್ಕೇ ಸೆಕೆಂಡಿಗೆ 1.536 ಮೆಗಾಬಿಟ್ ಹೋಗುತ್ತದೆ.

ಈಗ ಲೆಕ್ಕ ಹಾಕಿ. ಒಂದು ಪದರದ ಡಿವಿಡಿಯಲ್ಲಿ ಹಿಡಿಯುವುದು 4.7 ಜಿಬಿ, ಅಂದರೆ ಸುಮಾರು 3,760 ಕೋಟಿ ಬಿಟ್. 175 ನಿಮಿಷ ಎಂದರೆ 10,500 ಸೆಕೆಂಡ್. ಭಾಗಿಸಿದರೆ ಸೆಕೆಂಡಿಗೆ ಸಿಗುವುದು 3.58 ಮೆಗಾಬಿಟ್. ಅದರಲ್ಲಿ ಧ್ವನಿಗೆ 1.536 ಹೋಯಿತು. ಧ್ವನಿ, ಚಿತ್ರ ಎರಡನ್ನೂ ಹೆಣೆದು ಡಿವಿಡಿಯ ಫೈಲ್ ಮಾಡುವಾಗ ಇನ್ನೂ ಸ್ವಲ್ಪ ಜಾಗ ಹೋಗುತ್ತದೆ. ಚಿತ್ರಕ್ಕೆ ಉಳಿದದ್ದು ಹೆಚ್ಚೆಂದರೆ 1.9. ಆ 1.9 ಮೆಗಾಬಿಟ್‌ನಲ್ಲಿ 720×576 ಅಳತೆಯ ಪೂರ್ತಿ ಚಿತ್ರ ಹಿಡಿಸಬೇಕಿತ್ತು. ಅದೂ ಡಿವಿಡಿಗೆ ಬಳಸುವ ಹಳೆಯ ಕುಗ್ಗಿಸುವ ವಿಧಾನವಾದ ಎಂಪೆಗ್-2ರಲ್ಲಿ. ಆಗದ ಮಾತು.

ಆ ಧ್ವನಿ ಬಂದದ್ದಾದರೂ ಎಲ್ಲಿಂದ? ವಿಎಚ್‌ಎಸ್ ಟೇಪಿನ ಅಂಚಿನಲ್ಲಿರುವ ಸಾದಾ ಮೊನೋ ಟ್ರ್ಯಾಕ್‌ನಿಂದ. ಒಂದೇ ಧ್ವನಿಯನ್ನು ಎಡಕ್ಕೂ ಬಲಕ್ಕೂ ಹಾಕಿ, ಡಿಸ್ಕ್‌ನ ನೂರಕ್ಕೆ ನಲವತ್ತಕ್ಕಿಂತ ಜಾಸ್ತಿ ಜಾಗ ಅದಕ್ಕೇ ಕೊಟ್ಟಿದ್ದರು. ಅದನ್ನು ಸೆಕೆಂಡಿಗೆ 256 ಕಿಲೋಬಿಟ್‌ನ ಎಸಿ-3 (ಡಿವಿಡಿಯಲ್ಲಿ ಬಳಸುವ ಕುಗ್ಗಿಸಿದ ಧ್ವನಿಯ ರೂಪ) ಮಾಡಿದ್ದರೆ, ಹೊಸ ಡಿಸ್ಕ್ ಸೇರಿಸದೆಯೇ ಚಿತ್ರಕ್ಕೆ 3.2 ಮೆಗಾಬಿಟ್ ಸಿಗುತ್ತಿತ್ತು. ಈ ಒಂದು ಆಯ್ಕೆಯಿಂದಲೇ ಅರ್ಧ ಆಟ ಹಾಳಾಗಿತ್ತು ಎನ್ನಬಹುದು.

ಎರಡನೆಯದು, ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಕೊಡುವ ಬಿಟ್, ಉದ್ದಕ್ಕೂ ಒಂದೇ ಸಮ ಇತ್ತು. ಅಡಕೆ ತೋಟಕ್ಕೆ ನೀರು ಬಿಡುವಾಗ ತಗ್ಗಿನ ಸಾಲಿಗೂ ದಿಬ್ಬದ ಸಾಲಿಗೂ ಒಂದೇ ಅಳತೆ ಬಿಟ್ಟ ಹಾಗೆ. ಅರ್ಥಗಾರಿಕೆ ನಡೆಯುವಾಗ ವೇಷಧಾರಿ ಹೆಚ್ಚುಕಡಿಮೆ ನಿಂತಲ್ಲೇ ಇರುತ್ತಾನೆ, ಹಿಂದಿನ ಪರದೆ ಅಲುಗುವುದಿಲ್ಲ, ಕ್ಯಾಮೆರಾ ಸ್ಟ್ಯಾಂಡ್ ಮೇಲಿದೆ. ಅಲ್ಲಿ ಬಿಟ್ ಉಳಿಯುತ್ತದೆ. ದಿಗಿಣ ಹಾರುವಾಗ, ಮಂಡಿಯಲ್ಲಿ ಗಿರಗಿರ ಸುತ್ತುವಾಗ ಹಿಂದಿನ ಫ್ರೇಮ್‌ನಿಂದ (ಒಂದೊಂದು ಬಿಡಿ ಚಿತ್ರವೇ ಫ್ರೇಮ್) ಮುಂದಿನದನ್ನು ಊಹಿಸಲು ಎನ್‌ಕೋಡರಿಗೆ ಆಗುವುದಿಲ್ಲ. ಅಲ್ಲಿ ಬಿಟ್ ಸಾಲದೆ ಚೌಕಗಳು ಏಳುತ್ತವೆ.

ಮೂರನೆಯದು ಫೀಲ್ಡ್ ಕ್ರಮ. ನಮ್ಮ ಪಾಲ್ ಪದ್ಧತಿಯ ವಿಡಿಯೋದಲ್ಲಿ ಸೆಕೆಂಡಿಗೆ 25 ಫ್ರೇಮ್. ಒಂದೊಂದು ಫ್ರೇಮ್‌ನಲ್ಲಿ ಎರಡು ಫೀಲ್ಡ್, ಬೆಸ ಗೆರೆಗಳದ್ದೊಂದು, ಸಮ ಗೆರೆಗಳದ್ದೊಂದು. ಅಂದರೆ ಸೆಕೆಂಡಿಗೆ 50 ಬೇರೆ ಬೇರೆ ಕ್ಷಣಗಳು. ಆ ಡಿಸ್ಕ್‌ನಲ್ಲಿ ಮೇಲಿನ ಫೀಲ್ಡ್ ಮೊದಲು ಹಿಡಿದ ಚಿತ್ರಕ್ಕೆ ಕೆಳಗಿನ ಫೀಲ್ಡ್ ಮೊದಲು ಎಂದು ಗುರುತು ಹಾಕಿದ್ದರು. ಪ್ಲೇಯರ್ ಎರಡನೆಯ ಕ್ಷಣವನ್ನು ಮೊದಲು ತೋರಿಸಿ, ಆಮೇಲೆ ಮೊದಲನೆಯದಕ್ಕೆ ಹಿಂದೆ ಬರುತ್ತಿತ್ತು. ನಿಂತ ದೃಶ್ಯದಲ್ಲಿ ಇದು ಗೊತ್ತೇ ಆಗುವುದಿಲ್ಲ. ಕುಣಿತದಲ್ಲಿ ಕೈಕಾಲು ನಡುಗಿದಂತೆ ಕಾಣುತ್ತದೆ. "ನಮ್ಮ ಟಿವಿಯೇ ಸರಿ ಇಲ್ಲ" ಎಂದು ಮನೆಯವರು ಇಷ್ಟು ದಿನ ಅಂದುಕೊಂಡಿದ್ದರು!

ಹಳೆಯ ಡಿಸ್ಕ್ ಅನ್ನೇ ಮತ್ತೆ ಎನ್‌ಕೋಡ್ ಮಾಡಿದರೆ ಸರಿಯಾಗುತ್ತದೆಯೇ ಎಂದು ಅವರ ಮಗಳು ಕೇಳಿದಳು. ಫೀಲ್ಡ್ ಗುರುತು ಮಾತ್ರ ಸರಿ ಮಾಡಬಹುದು. ಚೌಕಗಳಲ್ಲಿ ಹೋದ ಮುಖ ಹೋದದ್ದೇ. ಕ್ಯಾಸೆಟ್‌ಗೇ ಹಿಂದಿರುಗಬೇಕು.

ಟೇಪಿನಿಂದ ಕಂಪ್ಯೂಟರಿಗೆ

ಘಟ್ಟದ ಮೇಲಿನ ಮಳೆಗಾಲ ಟೇಪಿಗೆ ಒಳ್ಳೆಯದಲ್ಲ. ಕ್ಯಾಸೆಟ್ ಮೇಲಿನ ಸಣ್ಣ ಕಿಟಕಿಯಿಂದ ನೋಡಿದರೆ ಒಂದು ಕ್ಯಾಸೆಟ್‌ನ ಸುರುಳಿಯ ಅಂಚಿನಲ್ಲಿ ಬಿಳಿ ಬೂಷ್ಟು ಕಾಣುತ್ತಿತ್ತು. ಅದನ್ನು ಹಾಗೇ ವಿಸಿಆರ್‌ಗೆ ಹಾಕಬಾರದು. ಬೂಷ್ಟು ಟೇಪ್ ಓದುವ ಹೆಡ್‌ಗೆ ಹತ್ತಿ, ಅಲ್ಲಿಂದ ಮುಂದಿನ ಕ್ಯಾಸೆಟ್‌ಗೂ ಹೋಗುತ್ತದೆ. ಒಣ ಹವೆ ಬರುವ ತನಕ ಕಾದು, ಟೇಪ್ ಒರೆಸಿ, ಬೂಷ್ಟು ಹಿಡಿದ ಕ್ಯಾಸೆಟ್‌ಗಳಿಗೆಂದೇ ಎತ್ತಿಟ್ಟ ಒಂದು ಹಳೆಯ ವಿಸಿಆರ್‌ನಲ್ಲಿ ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಓಡಿಸಿದ ಮೇಲೆಯೇ ಒಳ್ಳೆಯ ಯಂತ್ರಕ್ಕೆ ಹಾಕಿದ್ದು.

ವಿಸಿಆರ್‌ನಿಂದ ಎಸ್-ವಿಡಿಯೋ ತಂತಿಯಲ್ಲಿ ಚಿತ್ರ ತೆಗೆದೆವು. ನಡುವೆ ಟೈಮ್ ಬೇಸ್ ಕರೆಕ್ಟರ್ ಇತ್ತು. ಹಳೆಯ ಟೇಪಿನಲ್ಲಿ ಪ್ರತಿ ಗೆರೆಯೂ ಒಂದಿಷ್ಟು ಆಚೀಚೆ ಸರಿದು ಬರುತ್ತದೆ. ಕಂಬ ನೆಟ್ಟಗಿದ್ದರೂ ಚಿತ್ರದಲ್ಲಿ ಅಲೆಯಾಡುತ್ತದೆ. ಈ ಅಲೆಯಾಟವನ್ನು ಎನ್‌ಕೋಡರ್ ನಿಜವಾದ ಚಲನೆ ಎಂದೇ ತಿಳಿದು ಬಿಟ್ ಸುರಿಯುತ್ತದೆ. ಹಾಗಾಗಿ ಗೆರೆಗಳನ್ನು ಮೊದಲೇ ನೆಟ್ಟಗೆ ಮಾಡಿಕೊಂಡರೆ ಆಮೇಲೆ ಬಿಟ್ ಉಳಿಯುತ್ತದೆ.

ಕಂಪ್ಯೂಟರ್‌ನಲ್ಲಿ ನೇರವಾಗಿ ಎಂಪೆಗ್-2 ಮಾಡದೆ, ಏನೂ ಕಳೆದುಹೋಗದ ಹಫ್‌ವೈಯುವಿ ರೂಪದಲ್ಲಿ ಇಳಿಸಿಕೊಂಡೆವು. ಗಂಟೆಗೆ ಸುಮಾರು 30 ಜಿಬಿ ಬೇಕು. ಪೂರ್ತಿ ಆಟಕ್ಕೆ 180 ಜಿಬಿ ಹತ್ತಿರ. ಇದು ದುಂದು ಅನ್ನಿಸಬಹುದು, ಆದರೆ ಇವತ್ತಿನ ಹಾರ್ಡ್ ಡಿಸ್ಕ್‌ಗೆ ಅದು ಏನೂ ಅಲ್ಲ. ಟೇಪ್ ಇನ್ನೆಷ್ಟು ಸಲ ಓಡುತ್ತದೆ ಎಂದು ಯಾರೂ ಹೇಳಲಾರರು. ಒಮ್ಮೆ ಓಡಿದಾಗ ಬಂದದ್ದನ್ನೆಲ್ಲ ಹಿಡಿದಿಟ್ಟುಕೊಳ್ಳಲೇಬೇಕು.

ಸಿನಿಮಾ ಸೆಟ್ಟಿಂಗ್ ಇಲ್ಲಿ ಏಕೆ ಹೊಂದುವುದಿಲ್ಲ

ಎನ್‌ಕೋಡಿಂಗ್ ಬಗ್ಗೆ ಸಿಗುವ ಹೆಚ್ಚಿನ ಸಲಹೆಗಳು ಸಿನಿಮಾಕ್ಕೆ ಸಂಬಂಧಿಸಿದವು. ಸಿನಿಮಾ ಫಿಲ್ಮಿನಲ್ಲಿ ಸೆಕೆಂಡಿಗೆ 24 ಪೂರ್ತಿ ಚಿತ್ರಗಳು. ಪಾಲ್ ಡಿವಿಡಿಯಲ್ಲಿ ಸಾಮಾನ್ಯವಾಗಿ ಅದನ್ನೇ 25ರ ವೇಗಕ್ಕೆ ಓಡಿಸುತ್ತಾರೆ. ಒಂದು ಫ್ರೇಮ್‌ನ ಎರಡೂ ಫೀಲ್ಡ್ ಒಂದೇ ಕ್ಷಣದವು. ಬೆಳಕು ಯೋಚಿಸಿ ಹಾಕಿದ್ದು, ಚಿತ್ರ ಶುಭ್ರ. ಅಂಗಡಿಯಲ್ಲಿ ಸಿಗುವ ಸಿನಿಮಾ ಡಿಸ್ಕ್‌ಗಳಲ್ಲಿ ಎರಡು ಪದರದವೂ ಇರುತ್ತವೆ, 8.5 ಜಿಬಿ.

ನಮ್ಮ ಕೈಯಲ್ಲಿದ್ದದ್ದು ಟ್ಯೂಬ್‌ಲೈಟ್ ಬೆಳಕಿನ ರಂಗಸ್ಥಳ, ಸುತ್ತ ಕಗ್ಗತ್ತಲೆ, ಎರಡೆರಡು ಫೀಲ್ಡ್ ಹೆಣೆದ ಇಂಟರ್‌ಲೇಸ್ ಚಿತ್ರ, ಮೈತುಂಬ ಕಾಳು ಕಾಳು ನಾಯ್ಸ್. ಇಲ್ಲಿ ಪ್ರೋಗ್ರೆಸಿವ್ (ಫೀಲ್ಡ್‌ಗಳಾಗಿ ಒಡೆಯದ ಪೂರ್ತಿ ಫ್ರೇಮ್) ಎಂದು ಟಿಕ್ ಹಾಕಿದರೆ ಸೆಕೆಂಡಿಗೆ 50 ಕ್ಷಣಗಳಿದ್ದ ಕುಣಿತ 25ಕ್ಕೆ ಇಳಿಯುತ್ತದೆ, ಇಲ್ಲವೇ ಕೈ ಬೀಸಿದಲ್ಲೆಲ್ಲ ಬಾಚಣಿಗೆ ಹಲ್ಲಿನಂಥ ಗೆರೆ ಉಳಿಯುತ್ತದೆ. ಕುಣಿತದ ಚುರುಕು ಇರುವುದೇ ಆ 50ರಲ್ಲಿ. ಹಾಗಾಗಿ ಡಿಸ್ಕ್‌ಗೆ ಇಂಟರ್‌ಲೇಸ್ ಆಗಿಯೇ ಎನ್‌ಕೋಡ್ ಮಾಡುವುದು, ಮೇಲಿನ ಫೀಲ್ಡ್ ಮೊದಲು, ಇಂಟರ್‌ಲೇಸ್‌ಗೆ ಹೊಂದುವ ಆಲ್ಟರ್ನೇಟ್ ಸ್ಕ್ಯಾನ್ ಸೆಟ್ಟಿಂಗ್ ಎಂದು ತೀರ್ಮಾನ ಮಾಡಿದೆವು. ಫೀಲ್ಡ್ ಕ್ರಮವನ್ನು ಊಹೆಯಿಂದ ಹಾಕಲಿಲ್ಲ. ಏವಿಸಿಂತ್ ಎಂಬ ವಿಡಿಯೋ ಸಾಫ್ಟ್‌ವೇರ್‌ನಲ್ಲಿ ಫೀಲ್ಡ್‌ಗಳನ್ನು ಬಿಡಿಸಿ ಒಂದೊಂದಾಗಿ ಮುಂದೆ ಸರಿಸಿ, ಚಂಡೆ ಬಾರಿಸುವವರ ಕೋಲು ನೋಡಿದರೆ ಸಾಕು. ಕ್ರಮ ಸರಿ ಇದ್ದರೆ ಕೋಲು ಒಂದೇ ದಿಕ್ಕಿಗೆ ಇಳಿಯುತ್ತದೆ. ತಪ್ಪಿದ್ದರೆ ಮುಂದೆ ಹೋಗಿ ಹಿಂದೆ ಬರುತ್ತದೆ.

ನಾಯ್ಸ್ ತೆಗೆಯುವುದರಲ್ಲಿ ನನ್ನ ಅಭಿಪ್ರಾಯ ಗಟ್ಟಿ. ವಿಎಚ್‌ಎಸ್‌ನಲ್ಲಿ ಇದು ಬಿಟ್‌ರೇಟ್‌ಗಿಂತ ಜಾಸ್ತಿ ಲಾಭ ಕೊಡುತ್ತದೆ. ನಾಯ್ಸ್ ಪ್ರತಿ ಫ್ರೇಮ್‌ನಲ್ಲಿ ಬೇರೆ ಬೇರೆ. ಎನ್‌ಕೋಡರಿಗೆ ಅದು ಪ್ರತಿ ಕ್ಷಣವೂ ಹೊಸ ಚಿತ್ರ. ಆದರೆ ಕೈ ಹಿಡಿತ ಬೇಕು. ಉತ್ತರ ಕನ್ನಡದ ಆಟದಲ್ಲಿ ಕಣ್ಣು, ಹುಬ್ಬು, ಕೈಬೆರಳಿನ ಅಭಿನಯಕ್ಕೆ ದೊಡ್ಡ ಜಾಗವಿದೆ. ಹಿಂದಿನ ಮುಂದಿನ ಫ್ರೇಮ್ ಬೆರೆಸುವ ಫಿಲ್ಟರ್ ಸ್ವಲ್ಪ ಜೋರಾದರೂ ಕಣ್ಣಿನ ಓಡಾಟ ಸವೆದು, ಮುಖ ಮೇಣದ ಗೊಂಬೆಯಾಗುತ್ತದೆ. ಹಾಗಾಗಿ ತೆಳುವಾಗಿಯೇ ಹಾಕಿದೆವು. ಅದೂ ಇಂಟರ್‌ಲೇಸ್ ಚಿತ್ರದ ಮೇಲೆ ನೇರವಾಗಿ ಹಾಕದೆ, ಮೊದಲು 50 ಪೂರ್ತಿ ಫ್ರೇಮ್ ಮಾಡಿ, ಫಿಲ್ಟರ್ ಹಾಕಿ, ಮತ್ತೆ ಇಂಟರ್‌ಲೇಸ್ ಮಾಡಿ. ಚಿತ್ರದ ತಳದಲ್ಲಿ ಹೆಡ್ ಬದಲಾಗುವಾಗ ಹರಿದಂತೆ ಕಾಣುವ ಕೆಲವು ಗೆರೆಗಳಿರುತ್ತವೆ. ಹಳೆಯ ಡಬ್ಬ ಟಿವಿ ಅಂಚು ಮುಚ್ಚುತ್ತಿದ್ದ ಕಾರಣ ಅವು ಕಾಣುತ್ತಿರಲಿಲ್ಲ. ಈಗಿನ ಟಿವಿಯಲ್ಲಿ ಕಾಣುತ್ತವೆ. ಅವುಗಳ ಮೇಲೆ ಕಪ್ಪು ಪಟ್ಟಿ ಹಾಕಿದೆವು.

ಎಷ್ಟು ಡಿಸ್ಕ್?

ಇಲ್ಲಿ ಮನೆಯವರ ಜೊತೆ ಕೂತು ಮಾತಾಡಬೇಕಾಯಿತು. ಎರಡೇ ಡಿಸ್ಕ್ ಇರಲಿ, ನೆಂಟರಿಗೆ ಕೊಡಲು ಸುಲಭ ಎಂಬುದು ಯಜಮಾನರ ಆಸೆ. ನಾನು ಎರಡು ದಾರಿ ಮುಂದಿಟ್ಟೆ.

ಒಂದು, ಮೂರು ಡಿಸ್ಕ್, ಪೂರ್ತಿ 720×576. ಕಥೆ ನಿಲ್ಲುವ ಜಾಗ ನೋಡಿ 120, 116, 114 ನಿಮಿಷಗಳಾಗಿ ಒಡೆಯುವುದು. ಡಿಸ್ಕ್‌ನ ಹೊರ ಅಂಚಿನಲ್ಲಿ ಓದುವ ತೊಂದರೆ ಜಾಸ್ತಿ. ಆದ್ದರಿಂದ 4.7ರಲ್ಲಿ 4.4 ಜಿಬಿ ಮಾತ್ರ ಬಳಸುವುದು. ಎರಡು ಗಂಟೆಯ ಭಾಗಕ್ಕೆ ಲೆಕ್ಕ ಹಾಕಿದರೆ ಒಟ್ಟು ಸೆಕೆಂಡಿಗೆ 4.89 ಮೆಗಾಬಿಟ್. ಹೆಣೆಯುವ ಖರ್ಚು ಮತ್ತು ಧ್ವನಿ ಕಳೆದರೆ ಚಿತ್ರಕ್ಕೆ ಸರಾಸರಿ 4.4.

ಇನ್ನೊಂದು, ಎರಡೇ ಡಿಸ್ಕ್, ಆದರೆ ಚಿತ್ರದ ಅಗಲ 720ರ ಬದಲು 352. ಎತ್ತರ 576 ಹಾಗೇ. ಡಿವಿಡಿ ನಿಯಮದಲ್ಲಿ ಇದಕ್ಕೆ ಅವಕಾಶವಿದೆ, ಟಿವಿಯಲ್ಲಿ ತಾನಾಗಿ ಅಗಲವಾಗುತ್ತದೆ. ಇದೇ ಲೆಕ್ಕದಲ್ಲಿ ಸರಾಸರಿ 3.0 ಮೆಗಾಬಿಟ್ ಬರುತ್ತದೆ. ಅರ್ಧ ಅಗಲ ಎಂದ ಕೂಡಲೇ ಎಲ್ಲರೂ ಬೇಡ ಎನ್ನುತ್ತಾರೆ. ಆದರೆ ವಿಎಚ್‌ಎಸ್‌ನಲ್ಲಿ ಅಡ್ಡಕ್ಕೆ ಇರುವುದು ಸುಮಾರು 240 ಗೆರೆಯಷ್ಟು ವಿವರ. 4:3 ಚಿತ್ರದ ಪೂರ್ತಿ ಅಗಲಕ್ಕೆ ಅದು 320 ಚುಕ್ಕೆ. 352ರಲ್ಲಿ ಅದು ಹಿಡಿಯುತ್ತದೆ. ಎಂಪೆಗ್-2 ಚಿತ್ರವನ್ನು 16×16ರ ಮ್ಯಾಕ್ರೋಬ್ಲಾಕ್‌ಗಳಾಗಿ ಒಡೆಯುತ್ತದೆ. 720 ಅಗಲಕ್ಕೆ ಅವು 1,620, 352 ಅಗಲಕ್ಕೆ 792. ಹಾಗೆ ನೋಡಿದರೆ ಹಳೆಯ ಡಿಸ್ಕ್‌ನಲ್ಲಿ ಒಂದು ಬ್ಲಾಕಿಗೆ ಸೆಕೆಂಡಿಗೆ ಸಿಕ್ಕಿದ್ದು 1,200 ಬಿಟ್‌ಗಿಂತ ಕಡಿಮೆ. ಮೂರು ಡಿಸ್ಕ್ ದಾರಿಯಲ್ಲಿ 2,700. ಎರಡು ಡಿಸ್ಕ್, ಅರ್ಧ ಅಗಲದ ದಾರಿಯಲ್ಲಿ 3,800 ಹತ್ತಿರ. ಒಂದೊಂದು ಬ್ಲಾಕ್ ಟಿವಿಯ ಮೇಲೆ ದುಪ್ಪಟ್ಟು ಅಗಲ ಮುಚ್ಚುತ್ತದೆ ಎಂಬುದನ್ನೂ ನೆನಪಿಡಬೇಕು. ಆದರೂ ಚೌಕ ಏಳುವ ಭಯ ಬಹಳ ಕಡಿಮೆ.

ಎತ್ತರವನ್ನು ಮಾತ್ರ ಎಂದೂ 288ಕ್ಕೆ ಇಳಿಸಬಾರದು. ಹಿಂದೆ ಎಲ್ಲ ಕಡೆ ಸಿಗುತ್ತಿದ್ದ ವಿಸಿಡಿ 352×288. ಅದರಲ್ಲಿ ಎರಡು ಫೀಲ್ಡ್‌ಗೆ ಜಾಗವೇ ಇಲ್ಲ, ಕುಣಿತ ಅರ್ಧಕ್ಕೆ ಇಳಿಯುತ್ತದೆ. ವಿಸಿಡಿಯ ಯಕ್ಷಗಾನದಲ್ಲಿ ಹೆಜ್ಜೆ ಕುಪ್ಪಳಿಸಿದಂತೆ ಕಾಣಲು ಇದೂ ಒಂದು ಕಾರಣ.

ಪೂರ್ತಿ ಆಟ ಎನ್‌ಕೋಡ್ ಮಾಡುವ ಮೊದಲು ಸಣ್ಣ ತುಣುಕುಗಳನ್ನು ಆರಿಸಿದೆವು. ಒಂದು ಜೋರು ಕುಣಿತ. ಒಂದು ಅರ್ಥಗಾರಿಕೆ, ಮುಖ ಹತ್ತಿರ ಇರುವಲ್ಲಿ. ಇನ್ನೊಂದು ರಾಕ್ಷಸ ವೇಷದ ಪ್ರವೇಶ. ಎರಡೂ ದಾರಿಯಲ್ಲಿ ಮಾಡಿ, ಮತ್ತೆ ಮತ್ತೆ ಬರೆಯಲಾಗುವ ಡಿಸ್ಕ್‌ಗೆ ಹಾಕಿ, ಅವರ ಮನೆಯ ಟಿವಿಯಲ್ಲೇ, ಅವರ ಪ್ಲೇಯರ್‌ನಲ್ಲೇ ನೋಡಿದೆವು. ಕಂಪ್ಯೂಟರ್ ಪರದೆಯಲ್ಲಿ ನೋಡಿ ತೀರ್ಮಾನ ಮಾಡಬಾರದು. ಅಲ್ಲಿ ಫೀಲ್ಡ್ ತಪ್ಪು ಎಷ್ಟೋ ಸಲ ಅಡಗಿಬಿಡುತ್ತದೆ.

ಕುಣಿತದಲ್ಲಿ ಎರಡಕ್ಕೂ ವ್ಯತ್ಯಾಸ ಹೇಳಲು ಯಾರಿಗೂ ಆಗಲಿಲ್ಲ. ಮುಖ ಹತ್ತಿರ ಬಂದಾಗ 720ರಲ್ಲಿ ಕೇದಗೆ ಮುಂದಲೆಯ ಗೆರೆಗಳು, ಹುಬ್ಬಿನ ಬಣ್ಣ ಸ್ವಲ್ಪ ಚೂಪಾಗಿ ಕಂಡವು. ಮನೆಗೆ ಮೂರು ಡಿಸ್ಕ್‌ನ ಪ್ರತಿ, ನೆಂಟರಿಗೆ ಹಂಚಲು ಎರಡು ಡಿಸ್ಕ್‌ನ ಪ್ರತಿ ಎಂದು ಆಯಿತು. ನನ್ನ ಮಟ್ಟಿಗೆ ಇದು ಒಳ್ಳೆಯ ತೀರ್ಮಾನ. ಎರಡೂ ಹಳೆಯದಕ್ಕಿಂತ ಬಹಳ ಮೇಲೆ.

ಕೆಂಪು, ಕತ್ತಲೆ, ರಾಳ

ಎಚ್‌ಸಿಎನ್‌ಕ್ ಎಂಬ ಉಚಿತ ಎನ್‌ಕೋಡರ್‌ನಲ್ಲಿ ಎರಡು ಪಾಸ್ ಮಾಡಿದೆವು. ಮೊದಲ ಪಾಸ್‌ನಲ್ಲಿ ಅದು ಎಲ್ಲಿ ಕಷ್ಟ, ಎಲ್ಲಿ ಸುಲಭ ಎಂದು ನೋಡಿಕೊಳ್ಳುತ್ತದೆ. ಎರಡನೆಯದರಲ್ಲಿ ಬಿಟ್ ಹಂಚುತ್ತದೆ. ಯಕ್ಷಗಾನಕ್ಕೆ ಇದು ಹೇಳಿ ಮಾಡಿಸಿದ ವಿಧಾನ. ಮಾತಿನಲ್ಲಿ ಉಳಿದದ್ದು ಕುಣಿತಕ್ಕೆ ಹೋಗುತ್ತದೆ. ಗರಿಷ್ಠ ಮಿತಿ 8 ಮೆಗಾಬಿಟ್ ಇಟ್ಟೆವು. ಡಿವಿಡಿಯಲ್ಲಿ ಚಿತ್ರಕ್ಕೆ 9.8ರ ತನಕ ಅವಕಾಶವಿದೆ. ಆದರೆ ಮನೆಯಲ್ಲಿ ಬರೆದ ಡಿಸ್ಕ್‌ನಲ್ಲಿ ಅಷ್ಟು ಏರಿದರೆ ಹಳೆಯ ಪ್ಲೇಯರ್‌ಗಳು ತಡವರಿಸುತ್ತವೆ. ಜಿಓಪಿ (ಒಂದು ಐ-ಫ್ರೇಮ್‌ನಿಂದ ಶುರುವಾಗುವ ಫ್ರೇಮ್‌ಗಳ ಗುಂಪು) 12 ಫ್ರೇಮ್, ದೃಶ್ಯ ಥಟ್ಟನೆ ಬದಲಾದರೆ ಹೊಸ ಐ-ಫ್ರೇಮ್, ಅಂದರೆ ಬೇರೆ ಫ್ರೇಮ್‌ನಿಂದ ಊಹಿಸದೆ ಪೂರ್ತಿ ಬರೆದ ಚಿತ್ರ. ಪಾಲ್‌ನಲ್ಲಿ 15ಕ್ಕಿಂತ ಮೇಲೆ ಹೋಗುವಂತಿಲ್ಲ.

ಆ ಐ-ಫ್ರೇಮ್‌ನ ಮಾತು ಮುಖ್ಯವಾದದ್ದು ರಾಕ್ಷಸನ ಪ್ರವೇಶದಲ್ಲಿ. ಪಂಜಿನ ಮೇಲೆ ರಾಳದ ಪುಡಿ ಎರಚಿದಾಗ ಭುಗ್ಗೆಂದು ಬೆಂಕಿ ಏಳುತ್ತದೆ. ಒಂದೇ ಫ್ರೇಮ್‌ನಲ್ಲಿ ಇಡೀ ರಂಗಸ್ಥಳ ಬೆಳಗುತ್ತದೆ, ಮುಂದಿನ ಕ್ಷಣ ಕತ್ತಲೆ. ಹಿಂದಿನ ಫ್ರೇಮ್‌ನಿಂದ ಊಹೆ ಮಾಡುವ ಯಾವ ಎನ್‌ಕೋಡರಿಗೂ ಇದು ಅತಿ ಕಷ್ಟದ ಜಾಗ. ಹಳೆಯ ಡಿಸ್ಕ್‌ನಲ್ಲಿ ವೇಷ ಪೂರ್ತಿ ಚೌಕಗಳ ಗುಡ್ಡೆಯಾಗಿತ್ತು. ಹೊಸದರಲ್ಲಿ ಬೆಂಕಿಯ ಹಿಂದೆ ಮುಖದ ಬಣ್ಣಗಾರಿಕೆ ಕಾಣುತ್ತದೆ. ತುಣುಕು ನೋಡುವಾಗ ಯಜಮಾನರು ಎದ್ದು ಟಿವಿ ಹತ್ತಿರ ಹೋದದ್ದು ಇದೇ ಜಾಗದಲ್ಲಿ.

ಕೆಂಪಿನ ಕಥೆ ಬೇರೆ. ಡಿವಿಡಿಯಲ್ಲಿ ಬೆಳಕಿನ ವಿವರ 720×576 ಇದ್ದರೂ ಬಣ್ಣದ ವಿವರ ಅದರ ಅರ್ಧ ಅಗಲ, ಅರ್ಧ ಎತ್ತರ ಮಾತ್ರ. ವಿಎಚ್‌ಎಸ್‌ನಲ್ಲಂತೂ ಬಣ್ಣ ಇನ್ನೂ ಮಂದ, ಅದೂ ಬಲಕ್ಕೆ ಸರಿದಿರುತ್ತದೆ. ವೇಷದಲ್ಲಿ ಕೆಂಪು ಎಷ್ಟು ಜಾಸ್ತಿ ಎಂದು ಹೇಳಬೇಕಿಲ್ಲ ಅಲ್ವಾ? ಕೆಂಪು ಬಟ್ಟೆಯ ಅಂಚು ಮೈಯಿಂದ ಹೊರಗೆ ಚೆಲ್ಲಿದಂತೆ ಕಾಣುತ್ತಿತ್ತು. ಮೊದಲು ಬಣ್ಣದ ಪದರವನ್ನು ನಾಲ್ಕೈದು ಚುಕ್ಕೆ ಎಡಕ್ಕೆ ಸರಿಸಿದೆವು. ಆಮೇಲೆ ಡಿವಿಡಿಯ 4:2:0 ರೂಪಕ್ಕೆ (ಮೇಲೆ ಹೇಳಿದ ಅರ್ಧ ಅಗಲ, ಅರ್ಧ ಎತ್ತರದ ಬಣ್ಣ) ಬದಲಿಸುವಾಗ ಚಿತ್ರ ಇಂಟರ್‌ಲೇಸ್ ಎಂದು ಸಾಫ್ಟ್‌ವೇರ್‌ಗೆ ಹೇಳಿದೆವು. ಹೇಳದಿದ್ದರೆ ಎರಡು ಕ್ಷಣಗಳ ಕೆಂಪು ಒಂದಕ್ಕೊಂದು ಬೆರೆತು, ಕುಣಿಯುವಾಗ ಅಂಚಿನಲ್ಲಿ ಗೀರು ಗೀರು ಏಳುತ್ತದೆ.

ಕತ್ತಲೆಗೆ ಡಿಸಿ ನಿಖರತೆ, ಅಂದರೆ ಒಂದೊಂದು ಬ್ಲಾಕಿನ ಸರಾಸರಿ ಬೆಳಕನ್ನು ಬರೆಯುವ ನಿಖರತೆ, 9 ಬಿಟ್ ಇಟ್ಟೆವು. 8 ಇಟ್ಟರೆ ಕಪ್ಪಿನಿಂದ ಬೂದಿಗೆ ಇಳಿಯುವಲ್ಲಿ ಮೆಟ್ಟಿಲು ಮೆಟ್ಟಿಲಾಗುತ್ತದೆ. ನಾಯ್ಸ್ ಸ್ವಲ್ಪ ಉಳಿಸಿದ್ದೂ ಇಲ್ಲಿ ಉಪಕಾರಕ್ಕೆ ಬಂತು. ಪೂರ್ತಿ ನುಣುಪಾದ ಕತ್ತಲೆಯಲ್ಲೇ ಮೆಟ್ಟಿಲು ಎದ್ದು ಕಾಣುವುದು.

ಚಂಡೆಯ ಪೆಟ್ಟು

ಧ್ವನಿ ಎಸಿ-3, 256 ಕಿಲೋಬಿಟ್. ಇಲ್ಲಿ ಹೆಚ್ಚಿನವರು ನೋಡದ ಒಂದು ಸೆಟ್ಟಿಂಗ್ ಇದೆ, ಡೈನಾಮಿಕ್ ರೇಂಜ್ ಕಂಪ್ರೆಶನ್. ಸಿನಿಮಾದ ಮಾತು ರಾತ್ರಿ ಹೊತ್ತು ಸಣ್ಣ ವಾಲ್ಯೂಮ್‌ನಲ್ಲೂ ಕೇಳಲಿ ಎಂದು ಇದು ಸಣ್ಣ ಧ್ವನಿಯನ್ನು ಎತ್ತುತ್ತದೆ, ದೊಡ್ಡದನ್ನು ಅಮುಕುತ್ತದೆ. ಯಕ್ಷಗಾನಕ್ಕೆ ಇದು ಬೇಡವೇ ಬೇಡ. ಭಾಗವತರ ಪದ್ಯದ ಮೇಲೆ ಚಂಡೆ ಬಂದು ಬಿದ್ದಾಗ ಆ ಪೆಟ್ಟು ಪೆಟ್ಟಾಗಿಯೇ ಕೇಳಬೇಕು. ಅಮುಕಿದರೆ ಚಂಡೆ ಬಡಿದಾಗಲೆಲ್ಲ ಭಾಗವತರ ದನಿಯೂ ಕುಗ್ಗಿ ಏಳುತ್ತದೆ. ಅದನ್ನು ಪೂರ್ತಿ ತೆಗೆದೆವು.

ಬರೆದದ್ದು, ಕಾಯ್ದಿಟ್ಟದ್ದು

ಡಿಸ್ಕ್‌ಗಳನ್ನು 8 ಎಕ್ಸ್ ವೇಗದಲ್ಲಿ ಬರೆದು, ಪ್ರತಿಯೊಂದನ್ನೂ ಮೂಲ ಫೈಲ್ ಜೊತೆ ಹೋಲಿಸಿ ನೋಡಿದೆವು. ಮೇಲೆ ಕಾಗದದ ಚೀಟಿ ಅಂಟಿಸಲಿಲ್ಲ. ನಮ್ಮ ಕಡೆಯ ತೇವಕ್ಕೆ ಚೀಟಿ ಉಬ್ಬಿ ಡಿಸ್ಕ್ ಬಾಗುತ್ತದೆ. ಡಿಸ್ಕ್‌ಗೆಂದೇ ಬರುವ ಪೆನ್ನಿನಲ್ಲಿ ನಡುವಿನ ತೂತಿನ ಸುತ್ತ ಬರೆದರೆ ಸಾಕು. ಇಡುವ ಜಾಗ ಅಟ್ಟ ಅಲ್ಲ, ಒಳಗಿನ ಕೋಣೆಯ ಕಪಾಟು.

ಹಫ್‌ವೈಯುವಿ ಮೂಲ ಫೈಲ್ ಎರಡು ಹಾರ್ಡ್ ಡಿಸ್ಕ್‌ಗಳಲ್ಲಿದೆ. ಒಂದು ಶಿರಸಿಯ ಮನೆಯಲ್ಲಿ, ಇನ್ನೊಂದು ಕಾರವಾರದಲ್ಲಿರುವ ಮಗಳ ಮನೆಯಲ್ಲಿ. ಡಿವಿಡಿ ಪ್ಲೇಯರ್ ಇಲ್ಲದವರಿಗೆ ಪೆನ್‌ಡ್ರೈವ್‌ನಲ್ಲಿ ಎಚ್.264 ಎಂಬ ಹೊಸ ವಿಧಾನದಲ್ಲಿ ಕುಗ್ಗಿಸಿದ ಪ್ರತಿ ಕೊಟ್ಟೆವು. ಅದಕ್ಕೆ ಎಕ್ಸ್264 ಎಂಬ ಎನ್‌ಕೋಡರ್‌ನಲ್ಲಿ ಸಿಆರ್‌ಎಫ್ (ಗುಣಮಟ್ಟದ ಅಳತೆ) 18, ಸ್ಲೋ ಪ್ರಿಸೆಟ್, 768×576, ಸೆಕೆಂಡಿಗೆ 50 ಪೂರ್ತಿ ಫ್ರೇಮ್. ಮೊಬೈಲ್ ಮತ್ತು ಹೊಸ ಟಿವಿಗೆ ಇಂಟರ್‌ಲೇಸ್ ಬೇಡ. ಸಿಆರ್‌ಎಫ್‌ನಲ್ಲಿ ಗಾತ್ರ ಮೊದಲೇ ಗೊತ್ತಾಗುವುದಿಲ್ಲ. ಗುಣಮಟ್ಟವನ್ನು ನಾವು ಹೇಳುತ್ತೇವೆ, ಗಾತ್ರ ಎಷ್ಟು ಬೇಕೋ ಅಷ್ಟಾಗುತ್ತದೆ. ಪೆನ್‌ಡ್ರೈವ್‌ಗೆ ಅದೇ ಸರಿ. 4.4 ಜಿಬಿಯ ಗೋಡೆ ಇರುವ ಡಿಸ್ಕ್‌ಗೆ ಎರಡು ಪಾಸ್ ಸರಿ.

ಇದೇ ಮನೆಯವರ ನೆಂಟರು ಹೊನ್ನಾವರದಿಂದ ಈಗ ಮಿನಿಡಿವಿ ಎಂಬ ಸಣ್ಣ ಡಿಜಿಟಲ್ ಕ್ಯಾಸೆಟ್‌ಗಳನ್ನು ಕಳಿಸಿದ್ದಾರೆ. ಅದರಲ್ಲಿ ಕೆಳಗಿನ ಫೀಲ್ಡ್ ಮೊದಲು ಬರುತ್ತದೆ. ಅಡ್ಡಕ್ಕೆ ವಿವರವೂ ವಿಎಚ್‌ಎಸ್‌ಗಿಂತ ಬಹಳ ಜಾಸ್ತಿ, 352 ಅಗಲದ ದಾರಿ ಅಲ್ಲಿ ನಡೆಯುವುದಿಲ್ಲ. ಫೀಲ್ಡ್ ಬಿಡಿಸಿ ಚಂಡೆಯ ಕೋಲು ನೋಡುವಲ್ಲಿಂದ ಆ ಕೆಲಸ ಶುರು.